ಓದುಗರ ಪ್ರಶ್ನೆ: ಭೂಸ್ಥಿರ ಉಪಗ್ರಹದ ಅರ್ಧ ತೂಕ ಇಂಧನವೇ ಏಕೆ?

ಪ್ರಶ್ನೆ: 5,000 ಕೆ.ಜಿ. ತೂಗುವ ಸಂವಹನ ಉಪಗ್ರಹದಲ್ಲಿ ಅರ್ಧಕ್ಕೂ ಹೆಚ್ಚು ಇಂಧನವೇ ಇರುತ್ತದೆ ಎಂದು ಓದಿದೆ. ಮೇಲಕ್ಕೆ ಒಯ್ಯುವುದು ರಾಕೆಟ್ ತಾನೇ? ಉಪಗ್ರಹಕ್ಕೇಕೆ ಅಷ್ಟೊಂದು ಇಂಧನ?

ಉತ್ತರ: ರಾಕೆಟ್ ಬಾಗಿಲ ತನಕ ಬಿಟ್ಟುಬರುವುದಿಲ್ಲ. ಹೆಚ್ಚಿನ ಉಡಾವಣೆಗಳಲ್ಲಿ ಅದು ಉಪಗ್ರಹವನ್ನು ಮೊಟ್ಟೆಯಾಕಾರದ ವರ್ಗಾವಣೆ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಆ ಕಕ್ಷೆಯ ಒಂದು ತುದಿ ನೆಲದಿಂದ ಸುಮಾರು 200 ಕಿ.ಮೀ. ಎತ್ತರದಲ್ಲಿ, ಇನ್ನೊಂದು ತುದಿ 35,786 ಕಿ.ಮೀ. ಎತ್ತರದಲ್ಲಿ, ಅಂದರೆ ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಯ ಎತ್ತರದಲ್ಲಿ. ಮೇಲಿನ ತುದಿ ಮುಟ್ಟುವ ಹೊತ್ತಿಗೆ ಉಪಗ್ರಹದ ವೇಗ ಸೆಕೆಂಡಿಗೆ 1.6 ಕಿ.ಮೀ.ಗೆ ಇಳಿದಿರುತ್ತದೆ. ಅದೇ ಎತ್ತರದಲ್ಲಿ ವೃತ್ತಾಕಾರವಾಗಿ ಸುತ್ತಲು 3.07 ಕಿ.ಮೀ. ವೇಗ ಬೇಕು. ಈ ಕೊರತೆಯನ್ನು ಉಪಗ್ರಹದ ಎಂಜಿನ್ನೇ ತುಂಬಬೇಕು. ಕಕ್ಷೆ ಸಮಭಾಜಕ ವೃತ್ತಕ್ಕೆ ಓರೆಯಾಗಿದ್ದರೆ ಆ ಓರೆಯನ್ನು ತೆಗೆಯುವ ಕೆಲಸವೂ ಅದರದ್ದೇ.

ಲೆಕ್ಕ ಹಾಕಿ ನೋಡೋಣ. ಸಮಭಾಜಕಕ್ಕೆ ಹತ್ತಿರವಿರುವ, 5 ಡಿಗ್ರಿ ಅಕ್ಷಾಂಶದ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂವಿನಿಂದ ಹಾರಿದರೆ ಎಂಜಿನ್ ಸೆಕೆಂಡಿಗೆ ಸುಮಾರು 1,500 ಮೀಟರಿನಷ್ಟು ವೇಗ ಕೂಡಿಸಬೇಕು. ರಾಸಾಯನಿಕ ಎಂಜಿನ್ನಿನಲ್ಲಿ ಇದಕ್ಕೆ 5,000 ಕೆ.ಜಿ.ಯಲ್ಲಿ ಹತ್ತಿರಹತ್ತಿರ 1,900 ಕೆ.ಜಿ. ಖರ್ಚಾಗಿ, 3,100 ಕೆ.ಜಿ. ಉಳಿಯುತ್ತದೆ. 28.5 ಡಿಗ್ರಿಯಲ್ಲಿರುವ ಅಮೆರಿಕದ ಕೇಪ್ ಕೆನವೆರಲ್‌ನಿಂದ ಹಾರಿದರೆ ಓರೆ ಹೆಚ್ಚು. ಬೇಕಾದ ವೇಗ 1,800 ಮೀಟರ್ ದಾಟುತ್ತದೆ, ಖರ್ಚು ಸುಮಾರು 2,200 ಕೆ.ಜಿ.ಗೆ ಏರುತ್ತದೆ.

ಮೇಲೆ ಹೋದ ಮೇಲೂ ಖರ್ಚು ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಕಕ್ಷೆ ವರ್ಷಕ್ಕೆ ಮುಕ್ಕಾಲರಿಂದ ಒಂದು ಡಿಗ್ರಿಯವರೆಗೆ ಓರೆಯಾಗುತ್ತಾ ಹೋಗುತ್ತದೆ. ಅದನ್ನು ತಡೆಯಲು ವರ್ಷಕ್ಕೆ ಸುಮಾರು 50 ಮೀಟರ್ ವೇಗದ ವೆಚ್ಚ. ಭೂಮಿಯ ನಡು ಪೂರ್ತಿ ದುಂಡಗಿಲ್ಲದ ಕಾರಣ ಉಪಗ್ರಹ ಪೂರ್ವಕ್ಕೋ ಪಶ್ಚಿಮಕ್ಕೋ ಜಾರುತ್ತದೆ, ಆದರೆ ಆ ಖರ್ಚು ವರ್ಷಕ್ಕೆ ಒಂದೆರಡು ಮೀಟರ್ ಅಷ್ಟೇ. ನಮ್ಮ 3,100 ಕೆ.ಜಿ. ಉಪಗ್ರಹಕ್ಕೆ ಮೊದಲ ವರ್ಷ 54 ಕೆ.ಜಿ., 15 ವರ್ಷಕ್ಕೆ ಒಟ್ಟು 700 ಕೆ.ಜಿ.ಗೆ ಮೇಲ್ಪಟ್ಟು ಬೇಕು. ಏರುವುದಕ್ಕೆ 1,900, ಇರುವುದಕ್ಕೆ 700. ಅರ್ಧ ದಾಟಿತಲ್ಲ! ಕೂರೂವಿಗೂ ಕೇಪ್‌ಗೂ ಇರುವ ಸುಮಾರು 300 ಕೆ.ಜಿ. ವ್ಯತ್ಯಾಸವನ್ನು ಈಗ ಇನ್ನೊಮ್ಮೆ ನೋಡಿ: ಅದು ಐದಾರು ವರ್ಷದ ಆಯುಷ್ಯ. ಕೇಪ್‌ನಿಂದ ಹಾರುವ ರಾಕೆಟ್‌ಗಳು ಹಲವು ಬಾರಿ ಉಪಗ್ರಹವನ್ನು 35,786ಕ್ಕಿಂತ ಎಷ್ಟೋ ಮೇಲಕ್ಕೆ ಎಸೆದು ಈ ನಷ್ಟ ತುಂಬಿಕೊಡುವುದುಂಟು. ದೂರ ಹೋದಷ್ಟೂ ವೇಗ ಕಡಿಮೆ, ವೇಗ ಕಡಿಮೆಯಾದಷ್ಟೂ ಓರೆ ತಿದ್ದುವುದು ಅಗ್ಗ.

ಈ ಸೂತ್ರದ ಅತಿ ವಿಚಿತ್ರ ಬಳಕೆ ಏಷ್ಯಾಸ್ಯಾಟ್-3 ಎಂಬ ಸಂವಹನ ಉಪಗ್ರಹದ್ದು. 1997ರ ಡಿಸೆಂಬರಿನಲ್ಲಿ ಪ್ರೋಟಾನ್ ರಾಕೆಟ್ಟಿನ ಕೊನೆಯ ಹಂತ ಕೈಕೊಟ್ಟು ಅದು ತಪ್ಪು ಕಕ್ಷೆಯಲ್ಲಿ ಸಿಕ್ಕಿಕೊಂಡಿತು. 1998ರಲ್ಲಿ ಅದನ್ನು ಎರಡು ಸಲ ಚಂದ್ರನ ಸುತ್ತ ಹಾಯಿಸಿ, ಚಂದ್ರನ ಸೆಳೆತದಿಂದಲೇ ಓರೆಯ ಬಹುಭಾಗ ಇಳಿಸಿ ತಂದರು.

ಪ್ರಶ್ನೆ: ಎಂಜಿನ್ನನ್ನು ಒಂದೇ ಸಲ ಉರಿಸಿ ಕೆಲಸ ಮುಗಿಸಬಾರದೇ? ಮೂರು ನಾಲ್ಕು ಕಂತು ಯಾಕೆ?

ಉತ್ತರ: ಎಂಜಿನ್ ಚಿಕ್ಕದು. ಅದರ ನೂಕುಬಲ ಸಾಮಾನ್ಯವಾಗಿ 440 ನ್ಯೂಟನ್, ಅಂದರೆ 45 ಕೆ.ಜಿ. ಮೂಟೆಯ ಭಾರದಷ್ಟು. ಸೆಕೆಂಡಿಗೆ ಕುಡಿಯುವುದು ಸುಮಾರು 140 ಗ್ರಾಂ. 1,900 ಕೆ.ಜಿ. ಮುಗಿಸಲು ಮೂರು ಮುಕ್ಕಾಲು ಗಂಟೆ ಬೇಕು. ಉರಿಸಿದ್ದು ಪೂರ್ತಿ ಲಾಭವಾಗಬೇಕಾದರೆ ಮೇಲಿನ ತುದಿಯ ಆಸುಪಾಸಿನಲ್ಲೇ ಉರಿಸಬೇಕು. ಅಷ್ಟು ಹೊತ್ತು ಅದು ಅಲ್ಲಿ ನಿಂತಿರುವುದಿಲ್ಲ. ಪ್ರತಿ ಕಂತಿನ ನಂತರ ಕಕ್ಷೆಯನ್ನು ಅಳೆದು, ಮುಂದಿನ ಕಂತಿನ ದಿಕ್ಕು ಮತ್ತು ಅವಧಿಯನ್ನು ತಿದ್ದಿಕೊಳ್ಳುವ ಅನುಕೂಲವೂ ಇದೆ.

ತೊಂದರೆ ಬರುವುದು ಹೆಚ್ಚಾಗಿ ಕೊಳಾಯಿ ಕೆಲಸದಲ್ಲಿ. ಉರಿಯುವ ಮಾನೋಮೀಥೈಲ್ ಹೈಡ್ರಜೀನ್ ಒಂದು ಟ್ಯಾಂಕಿನಲ್ಲಿ, ಅದು ಉರಿಯಲು ಆಮ್ಲಜನಕ ಒದಗಿಸುವ ಆಕ್ಸಿಡೈಸರ್ ಆದ ನೈಟ್ರೋಜನ್ ಟೆಟ್ರಾಕ್ಸೈಡ್ ಇನ್ನೊಂದರಲ್ಲಿ. ಇವೆರಡೂ ಸೇರಿದ ತಕ್ಷಣ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತವೆ. ತೂಕದಲ್ಲಿ 1ಕ್ಕೆ 1.65ರಂತೆ ಬೆರೆಸುವುದು ವಾಡಿಕೆ. ಆ ಪ್ರಮಾಣದಲ್ಲಿ ಎರಡರ ಗಾತ್ರವೂ ಒಂದೇ ಆಗುವುದರಿಂದ ಒಂದೇ ಅಳತೆಯ ಟ್ಯಾಂಕ್ ಎರಡಕ್ಕೂ ಸಾಕು. ಜಾಣ ಲೆಕ್ಕ! ಬೇರೆ ಸಿಲಿಂಡರಿನಲ್ಲಿ ಇನ್ನೂರೈವತ್ತು ಬಾರ್‌ಗೂ ಮೇಲ್ಪಟ್ಟ ಒತ್ತಡದಲ್ಲಿ ಹೀಲಿಯಂ ಇರುತ್ತದೆ. ಒತ್ತಡವನ್ನು ಹದಿನೈದಿಪ್ಪತ್ತು ಬಾರ್‌ಗೆ ಇಳಿಸಿ ಅದರಿಂದ ದ್ರವಗಳನ್ನು ಎಂಜಿನ್ನಿಗೆ ತಳ್ಳುತ್ತಾರೆ. ನಡುವೆ ಇರುವ ಪೈರೋ ಕವಾಟಗಳಲ್ಲಿ ಪುಟ್ಟ ಸಿಡಿಮದ್ದು ಸಿಡಿದು ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಪ್ರತಿಯೊಂದಕ್ಕೂ ಒಂದೇ ಅವಕಾಶ. ಕವಾಟವೊಂದು ಮುಷ್ಕರ ಹೂಡಿದರೆ ಆಯಿತು, ಕಥೆ ಅಲ್ಲಿಗೆ ಮುಗಿಯಿತು. 2025ರ ಜನವರಿಯಲ್ಲಿ ಹಾರಿದ ಇಸ್ರೋದ ಎನ್‌ವಿಎಸ್-02 ಸಂವಹನ ಉಪಗ್ರಹವಲ್ಲ, ಪಥದರ್ಶಕ ಉಪಗ್ರಹ. ಆದರೆ ಪಾಡು ಇದೇ. ಆಕ್ಸಿಡೈಸರ್ ಬಿಡುವ ಕವಾಟಗಳು ತೆರೆಯದೆ ಅದು ವರ್ಗಾವಣೆ ಕಕ್ಷೆಯಲ್ಲೇ ಉಳಿಯಿತು.

ಪ್ರಶ್ನೆ: ವಿದ್ಯುತ್ ಥ್ರಸ್ಟರ್ (ನೂಕುವ ಪುಟ್ಟ ಎಂಜಿನ್) ಇದ್ದರೆ ಈ ರಗಳೆಯೇ ಇಲ್ಲವಲ್ಲ?

ಉತ್ತರ: ಇಂಧನ ಉಳಿಯುತ್ತದೆ, ಕಾಲ ಖರ್ಚಾಗುತ್ತದೆ. ಕ್ಸೆನಾನ್ ಅನಿಲವನ್ನು ಅಯಾನುಗಳಾಗಿಸಿ ಹೊರಗೆಸೆಯುವ ಹಾಲ್ ಥ್ರಸ್ಟರ್ ಪ್ರತಿ ಕೆ.ಜಿ.ಗೆ ರಾಸಾಯನಿಕ ಎಂಜಿನ್ನಿನ ಐದು ಪಟ್ಟಿನಷ್ಟು ಕೆಲಸ ಮಾಡುತ್ತದೆ. ಆದರೆ ಐದು ಕಿಲೋವ್ಯಾಟ್ ಕುಡಿದು ಅದು ಕೊಡುವ ನೂಕುಬಲ ಮೂವತ್ತು ಗ್ರಾಂ ಭಾರದಷ್ಟು. 2015ರ ಮಾರ್ಚಿನಲ್ಲಿ ಹಾರಿದ ಎಬಿಎಸ್-3ಎ ಹಾಗೂ ಅದರ ಜೊತೆಗಾರ ಉಪಗ್ರಹ ಪೂರ್ತಿ ವಿದ್ಯುತ್ತಿನಿಂದಲೇ ಏರಿದವು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ಕಾಲ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ಹಾದು ಹೋಗುವುದರಿಂದ ಸೌರಫಲಕಗಳು ಒಂದಿಷ್ಟು ಸವೆಯುತ್ತವೆ. ಏರಲು ರಾಸಾಯನಿಕ, ಮೇಲೆ ಇರಲು ವಿದ್ಯುತ್ ಎಂಬ ಜೋಡಿಯೇ ನಮಗೆ ಹೆಚ್ಚು ಹೊಂದಿಕೆಯಾಗಿ ಕಾಣುತ್ತದೆ. ಆದಾಯ ತರಬೇಕಾದ ಉಪಗ್ರಹ ಆರು ತಿಂಗಳು ದಾರಿಯಲ್ಲೇ ಇದ್ದರೆ ನಷ್ಟ ಯಾರಿಗೆ?

ಪ್ರಶ್ನೆ: ಮೇಲೆ ಹೋದ ಮೇಲೆ ರಿಪೇರಿ ಇಲ್ಲ. ಹಾಗಾದರೆ ನೆಲದ ಮೇಲೆ ಏನೇನು ಪರೀಕ್ಷೆ ಮಾಡುತ್ತಾರೆ?

ಉತ್ತರ: ನಡುಗಿಸುತ್ತಾರೆ, ಕಿವಿ ಒಡೆಯುವ ಸದ್ದಿನ ಕೋಣೆಯಲ್ಲಿಡುತ್ತಾರೆ, ನಿರ್ವಾತ ಕೋಣೆಯಲ್ಲಿ ಕಾಯಿಸಿ ತಣಿಸುತ್ತಾರೆ, ಆಂಟೆನಾದ ಬೀಮ್ ಅಳೆಯುತ್ತಾರೆ. ಇವುಗಳಲ್ಲಿ ನಡುಕದ ಪರೀಕ್ಷೆಯ ಒಂದು ಸೂಕ್ಷ್ಮ ಹೇಳಬೇಕು. ನಿಜವಾದ ಜೋರು ನಡುಕಕ್ಕೆ ಮುಂಚೆ ತೀರ ಮೆಲ್ಲಗೆ ಒಮ್ಮೆ ನಡುಗಿಸಿ, ಯಾವ ಯಾವ ಆವರ್ತನದಲ್ಲಿ ಉಪಗ್ರಹ ಹೆಚ್ಚು ಕಂಪಿಸುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಜೋರು ನಡುಕ ಮುಗಿದ ಮೇಲೆ ಅದೇ ಮೆಲು ನಡುಕ ಇನ್ನೊಮ್ಮೆ. ಎರಡು ಸಲದ ಗ್ರಾಫ್ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಶಿಖರವೊಂದು ಪಕ್ಕಕ್ಕೆ ಸರಿದಿದ್ದರೆ ಒಳಗೆಲ್ಲೋ ಬೋಲ್ಟ್ ಸಡಿಲವಾಗಿದೆ ಅಥವಾ ಅಂಟು ಬಿಟ್ಟಿದೆ ಎಂದರ್ಥ. ಬಿಚ್ಚದೆಯೇ ಗೊತ್ತಾಗುತ್ತದೆ, ಮಡಕೆಯನ್ನು ತಟ್ಟಿ ನೋಡಿದ ಹಾಗೆ.

ಸೌರಫಲಕ ಬಿಚ್ಚಿಕೊಳ್ಳುವುದನ್ನು ಪರೀಕ್ಷಿಸುವುದು ಬೇರೆಯೇ ಕಷ್ಟ. ಅದರ ಕೀಲುಗಳು ತೂಕವಿಲ್ಲದ ಜಾಗಕ್ಕೆಂದು ಮಾಡಿದವು, ನೆಲದಲ್ಲಿ ತಮ್ಮ ಭಾರವನ್ನೇ ತಾಳವು. ಫಲಕಗಳನ್ನು ಮೇಲಿನ ಹಳಿಯಿಂದ ತೂಗುಹಾಕಿ ಬಿಚ್ಚಬೇಕು. ಹಳಿ ಸ್ವಲ್ಪ ವಾಲಿದ್ದರೂ ಫಲಕ ತಾನಾಗಿಯೇ ಜಾರಿ, ಸ್ಪ್ರಿಂಗ್ ಸರಿಯಿದೆ ಎಂಬ ಸುಳ್ಳು ಭರವಸೆ ಕೊಡುತ್ತದೆ.

ಪರೀಕ್ಷೆಗೆ ಸಿಗದ ದೋಷಗಳೂ ಇವೆ. ಶುದ್ಧ ತವರದ ಲೇಪನದಿಂದ ವರ್ಷಗಳು ಕಳೆದಂತೆ ಕೂದಲಿಗಿಂತ ತೆಳ್ಳಗಿನ ಎಳೆಗಳು ಬೆಳೆದು ಶಾರ್ಟ್ ಮಾಡುತ್ತವೆ. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ-4 ಉಪಗ್ರಹ ಕೈಬಿಟ್ಟುಹೋಗಿ ಅಮೆರಿಕದ ಬಹುಪಾಲು ಪೇಜರ್‌ಗಳು ಮೂಕವಾದದ್ದಕ್ಕೆ ಇಂಥ ಎಳೆಯೇ ಕಾರಣವೆಂದು ಗುರುತಿಸಲಾಯಿತು.

ಪ್ರಶ್ನೆ: ಮೇಲಕ್ಕೆ ಕಳಿಸುವ ಸಂಕೇತದ ಆವರ್ತನ ಹೆಚ್ಚು, ಕೆಳಗೆ ಬರುವುದರದು ಕಡಿಮೆ. ಯಾಕೆ?

ಉತ್ತರ: ಆವರ್ತನ ಹೆಚ್ಚಾದಷ್ಟೂ ದಾರಿಯಲ್ಲಿ ನಷ್ಟ ಹೆಚ್ಚು, ಮಳೆಯ ಕಾಟವೂ ಹೆಚ್ಚು. ನೆಲದಲ್ಲಿ ಕರೆಂಟಿಗೆ ಬರವಿಲ್ಲ, ಆದ್ದರಿಂದ ಕಷ್ಟದ ಪಾಲು ನೆಲಕ್ಕೆ. ಮನೆಯ ಡಿಶ್ ಟಿವಿ ಬಳಸುವ ಕೆಯು ಬ್ಯಾಂಡ್ ಎಂಬ ಆವರ್ತನ ಪಟ್ಟಿಯಲ್ಲಿ ಸುಮಾರು 14 ಗಿಗಾಹರ್ಟ್ಸ್ ಮೇಲಕ್ಕೆ, 11–12 ಕೆಳಕ್ಕೆ. ಎರಡೂ ಒಂದೇ ಆದರೆ ಉಪಗ್ರಹದ ಸ್ವಂತ ಗರ್ಜನೆಯಲ್ಲಿ ನೆಲದ ಪಿಸುಮಾತು ಅದಕ್ಕೆ ಕೇಳಿಸುವುದೇ ಇಲ್ಲ. ಅಂದಹಾಗೆ, 60 ಸೆಂ.ಮೀ. ಡಿಶ್‌ಗೆ ಕೊನೆಗೆ ಬಂದು ತಲಪುವುದು ಒಂದು ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಭಾಗದ ಆಸುಪಾಸು.

ಪ್ರಶ್ನೆ: ಉಪಗ್ರಹಕ್ಕೆ ರಾತ್ರಿ ಆಗುತ್ತದೆಯೇ?

ಉತ್ತರ: ವರ್ಷದ ಬಹುಪಾಲು ಇಲ್ಲ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಹಿಂದೆ ಮುಂದೆ ಮಾತ್ರ, ತಲಾ ಸುಮಾರು 45 ದಿನ, ದಿನಕ್ಕೊಮ್ಮೆ ಭೂಮಿಯ ನೆರಳು ಬೀಳುತ್ತದೆ. ಹೆಚ್ಚೆಂದರೆ 72 ನಿಮಿಷ. ಆಗ ಬ್ಯಾಟರಿಯೇ ಗತಿ. 15 ವರ್ಷಕ್ಕೆ ಹೆಚ್ಚುಕಡಿಮೆ 1,350 ನೆರಳು. ಪ್ರತಿ ಸಲವೂ ಸೌರಫಲಕ ಸೊನ್ನೆಗಿಂತ 150 ಡಿಗ್ರಿಗೂ ಕೆಳಗಿಳಿದು ಮತ್ತೆ ಬಿಸಿಯೇರುತ್ತದೆ. ಬೆಸುಗೆಗಳು ಬಿರಿಯುವುದು ಈ ಹಿಗ್ಗು-ಕುಗ್ಗಿನಲ್ಲಿ.

ಪ್ರಶ್ನೆ: ತೂಕವೇ ಇಲ್ಲದ ಜಾಗದಲ್ಲಿ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ, ಏಕೆಂದರೆ ಪೂರ್ತಿ ಕರಾರುವಾಕ್ಕಾದ ಉತ್ತರ ಯಾರ ಬಳಿಯೂ ಇಲ್ಲ. ತೇಲುಬುರುಡೆ ಅಲ್ಲಿ ಕೆಲಸಕ್ಕೆ ಬಾರದು. ದ್ರವ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿರುತ್ತದೆ. ತೆಳುವಾದ ಲೋಹದ ಹಾಳೆಗಳು ಮೇಲ್ಮೈ ಎಳೆತದಿಂದ ಅದನ್ನು ಬಾಯಿಯ ಕಡೆಗೆ ತರುತ್ತವೆ.

ಮೊದಲ ದಾರಿ ಜಮಾಖರ್ಚಿನದು. ಥ್ರಸ್ಟರ್ ಎಷ್ಟು ಸೆಕೆಂಡು ತೆರೆದಿತ್ತು, ಎಷ್ಟು ಹರಿಯಿತು ಎಂದು ಮೊದಲ ದಿನದಿಂದ ಕೂಡುತ್ತಾ ಬರುವುದು. ಸಣ್ಣ ತಪ್ಪುಗಳು ವರ್ಷವರ್ಷವೂ ಸೇರಿಕೊಳ್ಳುತ್ತವೆ. ಎರಡನೆಯದು ಹೀಲಿಯಂನ ಒತ್ತಡ ಮತ್ತು ಉಷ್ಣತೆಯಿಂದ ಖಾಲಿ ಜಾಗವನ್ನು ಲೆಕ್ಕ ಹಾಕಿ, ಅದನ್ನು ಟ್ಯಾಂಕಿನ ಒಟ್ಟು ಗಾತ್ರದಿಂದ ಕಳೆದು ಉಳಿದದ್ದನ್ನು ತಿಳಿಯುವುದು. ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಒತ್ತಡದ ಬದಲಾವಣೆ ತೀರ ಅಲ್ಪವಾಗಿ, ನಮಗೆ ನಿಖರತೆ ಬೇಕಾದ ಹೊತ್ತಿಗೇ ಇದು ಕೈಕೊಡುತ್ತದೆ. ಮೂರನೆಯದು ಟ್ಯಾಂಕಿನ ಹೀಟರ್ ಹಾಕಿ ಎಷ್ಟು ಬೇಗ ಬಿಸಿಯಾಗುತ್ತದೆ ಎಂದು ನೋಡುವುದು. ಪಾತ್ರೆಯಲ್ಲಿ ನೀರು ಕಡಿಮೆ ಇದ್ದರೆ ಬೇಗ ಕಾಯುತ್ತದಲ್ಲ, ಹಾಗೆ. ಕೊನೆಗಾಲದಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಇದು. ಹತ್ತು ಕೆ.ಜಿ. ತಪ್ಪಿದರೂ ಎರಡು ಮೂರು ತಿಂಗಳ ಸೇವೆ ಏರುಪೇರಾಗುತ್ತದೆ.

ಪ್ರಶ್ನೆ: ಇಂಧನ ಮುಗಿದ ಉಪಗ್ರಹವನ್ನು ಏನು ಮಾಡುತ್ತಾರೆ?

ಉತ್ತರ: ಮುಗಿಯುವ ಮುಂಚೆಯೇ ಮಾಡಬೇಕು. ಭೂಸ್ಥಿರ ಕಕ್ಷೆಗಿಂತ ಸುಮಾರು 300 ಕಿ.ಮೀ. ಮೇಲಕ್ಕೆ ಎತ್ತಿ ದಾರಿ ತೆರವು ಮಾಡುತ್ತಾರೆ. ಬೇಕಾದ ವೇಗ ಸೆಕೆಂಡಿಗೆ 11 ಮೀಟರ್ ಅಷ್ಟೇ, ಮೂರು ತಿಂಗಳು ನೆಲೆ ನಿಲ್ಲುವ ಖರ್ಚಿಗೂ ಕಡಿಮೆ. ಆದರೂ ಮೇಲೆ ಹೇಳಿದ ಅಳತೆಯ ಅನುಮಾನದಿಂದಾಗಿ ಕೆಲವು ಉಪಗ್ರಹಗಳು ಅರ್ಧ ದಾರಿಯಲ್ಲೇ ನಿಂತಿವೆ. ಈಗ ಇನ್ನೊಂದು ದಾರಿಯೂ ತೆರೆದಿದೆ: 2020ರ ಫೆಬ್ರವರಿಯಲ್ಲಿ ಎಂಇವಿ-1 ಎಂಬ ನೌಕೆ ಇಂಟೆಲ್‌ಸ್ಯಾಟ್-901ರ ಎಂಜಿನ್ ಕೊಳವೆಗೆ ಕೊಕ್ಕೆ ಹಾಕಿ ಹಿಡಿದು, ತನ್ನ ಥ್ರಸ್ಟರಿನಿಂದಲೇ ಅದನ್ನು ಮತ್ತೆ ಸೇವೆಗೆ ತಂದಿತು.

ಅಂಥ ನೆರವಿಲ್ಲದಿದ್ದರೆ ಮೇಲಕ್ಕೆತ್ತಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಹೊರಬಿಟ್ಟು, ಬ್ಯಾಟರಿಯ ಚಾರ್ಜಿಂಗ್ ತಪ್ಪಿಸುತ್ತಾರೆ. ಉಳಿಸಿದರೆ ಮುಂದೆಂದೋ ಸಿಡಿದು ಚೂರುಗಳಾಗುವ ಭಯ. ಟ್ರಾನ್ಸ್‌ಮಿಟರ್ ಆರಿಸುವ ಆದೇಶವನ್ನು ಕೊನೆಗೆ ಕಳಿಸುತ್ತಾರೆ. ಅದನ್ನು ಪಾಲಿಸಿದ್ದಕ್ಕೆ ಮರುಸಂಕೇತ ಬರುವುದಿಲ್ಲ. ಪರದೆಯ ಮೇಲಿನ ಗೆರೆ ಚಪ್ಪಟೆಯಾದರೆ ಅದೇ ಉತ್ತರ.