ಪ್ರತಿಕ್ರಿಯೆ: ವೂ ಚೀಯನ್ನು ಕೊಂದದ್ದು ಯಾಕೆ?

ಯುದ್ಧದಲ್ಲಿ ಅಷ್ಟು ಗಟ್ಟಿಗನಾದ ಪ್ರಾಚೀನ ಚೀನಾದ ಸೇನಾಪತಿ ವೂ ಚೀ ಅಲ್ಲಿನ ಮೂರು ರಾಜ್ಯ ಸುತ್ತಿದ್ದೇಕೆ, ಕೊನೆಗೆ ಚೂ ರಾಜ್ಯದಲ್ಲಿ ಕೊಲೆಯಾದದ್ದೇಕೆ ಅಂತ ಕೇಳಿದ್ದೀರಿ. ಸೋತು ಓಡಿದ್ದಲ್ಲ, ಆಸ್ಥಾನದವರ ಅನುಮಾನ ಅವನನ್ನು ಓಡಿಸಿತು. ಲೂ ರಾಜ್ಯದಲ್ಲಿ ಸೇನಾಪತಿಯಾಗಲು ಶತ್ರುರಾಜ್ಯದವಳಾದ ಹೆಂಡತಿಯನ್ನೇ ಕೊಂದ ಎನ್ನುತ್ತಾನೆ ಇತಿಹಾಸಕಾರ ಸಿಮಾ ಚಿಯೆನ್ (ವಿರೋಧಿಗಳು ಹಬ್ಬಿಸಿದ ಕತೆಯೇನೋ ಅಂತ ನನ್ನ ಗುಮಾನಿ). ಆಮೇಲೆ ವೇಯ್ ರಾಜ್ಯ. ಅಲ್ಲಿ ಚಿನ್ ರಾಜ್ಯದ ಕಡೆಯ ಗಡಿ ಕಾದ. ಸೈನಿಕರ ಊಟವನ್ನೇ ಉಂಡ, ನೆಲದ ಮೇಲೇ ಮಲಗಿದ. ಒಬ್ಬ ಸೈನಿಕನ ಕುರುವಿನ ಕೀವನ್ನು ಬಾಯಿಂದ ಹೀರಿದಾಗ ಆ ಹುಡುಗನ ತಾಯಿ ಅತ್ತಳಂತೆ. ಹಿಂದೆ ಅವಳ ಗಂಡನ ಕೀವನ್ನೂ ವೂ ಚೀ ಹೀಗೇ ಹೀರಿದ್ದ. ಆ ಗಂಡ ಹಿಂದೆ ತಿರುಗದೆ ಕಾದಾಡಿ ಸತ್ತಿದ್ದ, ಮಗನಿಗೂ ಅದೇ ಗತಿ ಅಂತ ಅವಳ ಅಳಲು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಚೂನಲ್ಲಿ. ದಾವ್ ರಾಜ ಅವನನ್ನು ಮುಖ್ಯಮಂತ್ರಿ ಮಾಡಿದ. ಇವನು ಕೆಲಸವಿಲ್ಲದ ಹುದ್ದೆಗಳನ್ನು ತೆಗೆದ, ದೊಡ್ಡ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬರುತ್ತಿದ್ದ ಸವಲತ್ತು ಕಿತ್ತ, ಉಳಿದ ಹಣವನ್ನು ಸೈನ್ಯಕ್ಕೆ ಹಾಕಿದ. ಅವರು ಸುಮ್ಮನಿರುತ್ತಾರೆಯೇ? ಕ್ರಿ.ಪೂ. 381ರಲ್ಲಿ ರಾಜ ಸತ್ತದ್ದೇ ತಡ, ಬಿಲ್ಲು ಹಿಡಿದು ಬಂದರು. ವೂ ಚೀ ಓಡಿಹೋಗಿ ರಾಜನ ಹೆಣದ ಮೇಲೆ ಬಿದ್ದ. ಬಾಣಗಳು ಹೆಣಕ್ಕೂ ನಾಟಿದವು. ಇವನೇನೋ ಸತ್ತ, ಆದರೆ ರಾಜನ ದೇಹಕ್ಕೆ ಬಾಣ ಬಿಟ್ಟ ತಪ್ಪಿಗೆ ಹೊಸ ರಾಜ 70ಕ್ಕೂ ಹೆಚ್ಚು ಮನೆತನಗಳನ್ನು ನಿರ್ನಾಮ ಮಾಡಿಸಿದ.