ಗಂಜಿಯ ಜೊತೆಗೆ ಏನಿರಬೇಕು?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆಯಿದೆ. ಬೆಳಿಗ್ಗೆ ಉಪ್ಪಿನಕಾಯಿಯೊಂದಿಗೆ ಕುಚ್ಚಲಕ್ಕಿ ಗಂಜಿ ಉಂಡರೆ ರಕ್ತದ ಸಕ್ಕರೆ ಏರುತ್ತದೆ. ಗಂಜಿಯನ್ನು ಬಿಡಲೇಬೇಕೇ?
– ಓದುಗರೊಬ್ಬರು, ಕಾರವಾರ

ಉತ್ತರ: ಬಿಡಬೇಕಾಗಿಲ್ಲ, ಆದರೆ ಗಂಜಿಯೊಂದನ್ನೇ ಉಣ್ಣಬೇಡಿ. ಮೆತ್ತಗೆ ಬೆಂದ ಅನ್ನದ ಪಿಷ್ಟ ಬೇಗನೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ, ಉಪ್ಪಿನಕಾಯಿ ಅದನ್ನು ತಡೆಯಲಾರದು. ಬಂಗಡೆ ಸಾರು, ಮೊಳಕೆ ಹೆಸರುಕಾಳಿನ ಪಲ್ಯ ಅಥವಾ ಬಸಳೆ ಸೊಪ್ಪು ಜೊತೆಗಿದ್ದರೆ, ಅವುಗಳಲ್ಲಿರುವ ಪ್ರೋಟೀನ್, ಕೊಬ್ಬು ಮತ್ತು ನಾರು ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುವುದರಿಂದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಮೀನು, ಪಲ್ಯಗಳನ್ನು ಮೊದಲು ತಿಂದು ಗಂಜಿಯನ್ನು ಕೊನೆಗೆ ಉಂಡರೆ ಇನ್ನೂ ಒಳ್ಳೆಯದು. ನಮ್ಮ ಕರಾವಳಿಯವರಿಗೆ ಈ ಕ್ರಮ ಹೊಸದೆನಿಸೀತು, ಆದರೂ ಒಂದು ವಾರ ಪ್ರಯತ್ನಿಸಿ. ಬಟಾಟೆ ಪಲ್ಯ ಬೇಡ, ಅದೂ ಪಿಷ್ಟವೇ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಗಂಜಿಯ ಪ್ರಮಾಣ ತಗ್ಗಿಸುವ ಮೊದಲು ವೈದ್ಯರಿಗೆ ತಪ್ಪದೇ ತಿಳಿಸಿ.