ಕಂಸದೊಳಗೆ ಬರೆದ ಆ ಒಂದು ಸಾಲು

ಆಳಂದ ಕಡೆಯ ಹುಡುಗನೊಬ್ಬನ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ನಾನು ಹದಿನೆಂಟು ವರ್ಷ ವಾರ್ಡ್‌ನಲ್ಲಿ ದುಡಿದವಳು. ಓದಿ ಪಕ್ಕಕ್ಕಿಡಲು ಆಗಲಿಲ್ಲ.

ಅವನಿಗೆ 26 ವರ್ಷ. ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್. ಗಲ್ಫ್‌ನಲ್ಲಿ ಕೆಲಸ ಸಿಕ್ಕಿದೆ. ಪರೀಕ್ಷೆ ಫೀಸು, ಕಾಗದಪತ್ರ ಅಂತ ಸೋದರಮಾವ ತೊಗರಿ ಹೊಲ ಅಡ ಇಟ್ಟು ದುಡ್ಡು ಕೊಟ್ಟಿದ್ದಾರೆ. ಇನ್ನು ಹನ್ನೆರಡು ದಿನಕ್ಕೆ ಮೆಡಿಕಲ್. ಅದರಲ್ಲಿ ಮೂತ್ರದಲ್ಲಿ ಗಾಂಜಾ ಇದೆಯಾ ಅಂತಲೂ ನೋಡುತ್ತಾರೆ. ಇವನು ಎರಡು ವರ್ಷದಿಂದ ದಿನಾ ಸೇದುತ್ತಾನೆ. ರೂಮಿನ ಗೆಳೆಯ ಲ್ಯಾಬ್ ಟೆಕ್ನಿಷಿಯನ್. "ನಿನ್ನ ತಮ್ಮನ ಮೂತ್ರ ಒಯ್ದು ಕೊಡೋ, ಏನೂ ಆಗಂಗಿಲ್ಲ" ಅಂದಿದ್ದಾನೆ. "ಅಕ್ಕಾ, ಹನ್ನೆರಡು ದಿನದಾಗ ಮೈಯಿಂದ ಹೋಗ್ತದೇನು?" ಇದೇ ಇವನ ಮುಖ್ಯ ಪ್ರಶ್ನೆ.

ತಮ್ಮಾ, ಮೊದಲು ಆ ಪ್ರಶ್ನೆ ಮುಗಿಸಿಬಿಡೋಣ. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಬರುತ್ತದೆ. ಎಂದೋ ಒಮ್ಮೆ ಸೇದಿದವರ ಮೂತ್ರದಲ್ಲಿ ಮೂರು ದಿನದ ತನಕ ಕಾಣಬಹುದು. ದಿನಾ ಸೇದುವವರಲ್ಲಿ 30 ದಿನದ ತನಕ, ಕೆಲವರಲ್ಲಿ ಇನ್ನೂ ಜಾಸ್ತಿ. ಗ್ಯಾಸಿನ ಮಾತ್ರೆಯ ನೆಪ ಹೇಳಬಹುದಾ ಅಂತಲೂ ಕೇಳಿದ್ದೀಯ. ಪ್ಯಾಂಟೊಪ್ರಜೋಲ್ ತೆಗೆದುಕೊಂಡವರಿಗೆ ಮೊದಲ ಟೆಸ್ಟ್‌ನಲ್ಲಿ ತಪ್ಪಾಗಿ ಪಾಸಿಟಿವ್ ಬರುವುದುಂಟು, ನಿಜ. ಅದಕ್ಕೇ ಎರಡನೇ ಸಲ ಖಚಿತ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಮಾತ್ರೆ ಯಾವುದು, ಗಾಂಜಾ ಯಾವುದು ಅಂತ ತಿಳಿದುಬಿಡುತ್ತದೆ.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಾಲು. ಎರಡನೇ ಪುಟದ ತಳದಲ್ಲಿ, ಕಂಸದೊಳಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ: (ಒಮ್ಮೆ 7ನೇ ಬೆಡ್ಡಿನ ಅಜ್ಜಗ ನಾರ್‌ಅಡ್ರಿನಲಿನ್ ಪಂಪಿನ ರೇಟು 5 ಇದ್ದದ್ದು 50 ಹಾಕಿದ್ದೆ. ಸಿಸ್ಟರ್ ನೋಡಿ ಸರಿ ಮಾಡಿದ್ರು. ಏನೂ ಆಗಲಿಲ್ಲ.)

ಅದು ಬಿಪಿ ಏರಿಸುವ ಔಷಧ. ಹತ್ತು ಪಟ್ಟು ಒಳಗೆ ಹೋದರೆ ಎದೆಬಡಿತ ಹಳಿ ತಪ್ಪಬಹುದು, ಮೆದುಳಿನ ರಕ್ತನಾಳ ಒಡೆಯಬಹುದು. ನಿನಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಗೊತ್ತಿದ್ದೇ ಕಂಸದೊಳಗೆ ಬಚ್ಚಿಟ್ಟೆ. ಆದರೂ ಬರೆದೆಯಲ್ಲ, ಆ ಒಂದು ಕಾರಣಕ್ಕೆ ನಿನ್ನ ಮೇಲೆ ನನಗೆ ಭರವಸೆ ಇದೆ. ಬೆಡ್ ನಂಬರ್ ಕೂಡ ಮರೆತಿಲ್ಲ ನೀನು.

"ಡ್ಯೂಟಿಯಲ್ಲಿ ಎಂದೂ ಸೇದಿಲ್ಲ" ಅಂತ ಮೂರು ಸಲ ಹೇಳಿದ್ದೀಯ. ಇನ್ನೊಂದು ಕಡೆ, ಸಂಜೆ ಆರಕ್ಕೆ ಸೇದಿ ಎಂಟಕ್ಕೆ ನೈಟ್ ಡ್ಯೂಟಿಗೆ ಹೋಗುತ್ತೇನೆ ಅಂತಲೂ ಇದೆ. ಅದರ ಅಮಲು ಎರಡು ತಾಸಿಗೆ ಪೂರ್ತಿ ಇಳಿಯುವುದಿಲ್ಲ ಕಣೋ. ಹಿಂದಿನ ಪಾಳಿಯವರಿಂದ ಹ್ಯಾಂಡೋವರ್ ತೆಗೆದುಕೊಳ್ಳುವ ಹೊತ್ತಿಗೆ ಗಮನವೂ ಲೆಕ್ಕವೂ ಮಂಕಾಗಿರುತ್ತವೆ. ಗೇಟಿನ ಹೊರಗೆ ಸೇದಿ ಒಳಗೆ ಬಂದರೂ ಅದು ಡ್ಯೂಟಿಯಲ್ಲಿ ಸೇದಿದ ಹಾಗೆಯೇ.

ಶುರುವಾದದ್ದು ಹೇಗೆ ಅಂತ ಓದುವಾಗ ಮಾತ್ರ ಕಣ್ಣು ತುಂಬಿತು. ಒಂದೇ ಸಮ 21 ನೈಟ್. ಬೆಳಿಗ್ಗೆ ರೂಮಿಗೆ ಬಂದರೆ ತಗಡಿನ ಚಾವಣಿ, ಕಲಬುರಗಿಯ ಬೇಸಿಗೆ. ನಿದ್ದೆ ಬರಲಿ ಅಂತ ಮೊದಲ ಸಲ ಸೇದಿದೆ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ನರ್ಸುಗಳಿಗೆ ಸಂಬಳದಷ್ಟೇ ನಿದ್ದೆಯೂ ಸಿಗಬೇಕು. ಆ ಡ್ಯೂಟಿ ಚಾರ್ಟ್ ಬರೆದವರೂ ಈ ತಪ್ಪಿನಲ್ಲಿ ಪಾಲುದಾರರೇ.

ಆದರೆ ನನಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಬಂದಿರುವುದು ಆ ಗೆಳೆಯನ ಮೇಲೆ. ದಿನಾ ಸ್ಯಾಂಪಲ್ ಡಬ್ಬಿಗೆ ಹೆಸರು ಅಂಟಿಸುವವನು ಅವನು. ಹೆಸರು ಅದಲುಬದಲಾದರೆ ಯಾರ ಕಾಯಿಲೆ ಯಾರ ತಲೆಗೆ ಬರುತ್ತದೆ ಅಂತ ಓದಿ ಬಂದವನು. ಪಿಯುಸಿ ಓದುವ ನಿನ್ನ ತಮ್ಮನನ್ನೂ ಮೋಸಕ್ಕೆ ಎಳೆಯುತ್ತಿದ್ದಾನೆ. ಇಂಥ ಆಟ ಹಿಡಿಯಲೆಂದೇ ಮೂತ್ರದ ಬಿಸಿ ಎಷ್ಟಿದೆ ಅಂತ ನೋಡುವ ಲ್ಯಾಬ್‌ಗಳಿವೆ. ಅಕಸ್ಮಾತ್ ದಾಟಿ ಹೋದೆ ಅಂದುಕೋ. ಗಲ್ಫ್‌ನ ಹಲವು ದೇಶಗಳಲ್ಲಿ ಗಾಂಜಾ ಸೇದಿದ್ದಕ್ಕೇ ಜೈಲು. ಅಲ್ಲಿ ನಿನ್ನ ಮಾವ ಯಾವ ಹೊಲ ಅಡ ಇಟ್ಟು ಬಿಡಿಸುತ್ತಾರೆ? ಆ ರೂಮು ಬಿಡು. ಊರಿಂದ ದಿನಾ ಬಸ್ಸಿಗೆ ಓಡಾಡಿದರೂ ಪರವಾಗಿಲ್ಲ.

ನೀನು ಮಾಡಬೇಕಾದ್ದು ಒಂದೇ. ಇದನ್ನು ಓದಿದ ದಿನ ಡ್ಯೂಟಿಗೆ ರಜೆ ಹಾಕು, ಮಾರನೇ ಬೆಳಿಗ್ಗೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮನೋರೋಗ ವಿಭಾಗಕ್ಕೆ ಹೋಗು. ಗುರುತಿನವರು ನೋಡುತ್ತಾರೆ ಅನ್ನುವ ಭಯವಿದ್ದರೆ ಬೀದರಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ಗೆ ಹೋಗು. ಬಸ್ಸು ಹತ್ತಲೂ ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಪೊಲೀಸ್ ಕೇಸ್ ಆಗುತ್ತಾ ಅಂತ ಕೇಳಿದ್ದೀಯ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ ಆರು ತಿಂಗಳ ತನಕ ಜೈಲು, 10,000 ರೂಪಾಯಿ ತನಕ ದಂಡ, ಅಥವಾ ಎರಡೂ ಇವೆ. ಅದೇ ಕಾಯ್ದೆಯ 64ಎ ಕಲಮನ್ನೂ ಓದು. ಚಟಕ್ಕೆ ಬಿದ್ದವನು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಬಂದು ಚಿಕಿತ್ಸೆ ಮುಗಿಸಿದರೆ ಆ ಸೇವನೆಗೆ ಕೇಸಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನಿನ್ನ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಡಾಕ್ಟರಿಗೆ ಹೇಳಿದೆ.

ಬಿಟ್ಟ ಮೊದಲ ವಾರ ಕಷ್ಟ. ಸಿಡಿಮಿಡಿ, ಊಟ ಸೇರದು, ನಿದ್ದೆ ಬರದು. ಎರಡು ವಾರದಲ್ಲಿ ಸುಮಾರು ತಗ್ಗುತ್ತದೆ, ನಿದ್ದೆ ಮಾತ್ರ ಸರಿಯಾಗಲು ಇನ್ನೂ ಸ್ವಲ್ಪ ದಿನ ಬೇಕಾಗಬಹುದು. ನಿದ್ದೆಗೆ ಏನು ಮಾಡಬೇಕು ಅಂತ ಡಾಕ್ಟರನ್ನೇ ಕೇಳು, ವಾರ್ಡಿನ ಕಪಾಟಿಗೆ ಕೈ ಹಾಕಬೇಡ.

ಮೆಡಿಕಲ್ ಮುಂದಕ್ಕೆ ಹಾಕಿಸು. ಕೆಲಸ ತಪ್ಪಿದರೆ ತಪ್ಪಲಿ. ಮಾವನಿಗೆ ನೀನೇ ಹೋಗಿ ಹೇಳು, ಫೋನಿನಲ್ಲಿ ಬೇಡ. ಡಾಕ್ಟರ ಮುಂದೆ ಕೂತಾಗ ಮಾತು ಎಲ್ಲಿಂದ ಶುರು ಮಾಡಲಿ ಅನ್ನಿಸಿದರೆ, 7ನೇ ಬೆಡ್ಡಿನ ಅಜ್ಜನಿಂದ ಶುರು ಮಾಡು.